ವರ್ತನೆ ಬಿಡಬೇಡಿ: ಅತ್ತಿಗುಪ್ಪೆಯ ನೆರೆಹೊರೆಗೆ ಒಂದು ಮನವಿ

ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರ, ವಿಜಯನಗರದ ನೆರೆಹೊರೆಯವರೇ,

ನಮ್ಮ ಕ್ರಾಸಿನಲ್ಲಿ ದಿನಾ ಬೆಳಗ್ಗೆ ಆರೂವರೆಗೆ ಗೇಟಿನ ಕಂಬಿಗೆ ಒಂದು ಎಲೆಪೊಟ್ಟಣ ಸಿಕ್ಕಿಸಿರುತ್ತದೆ. ಒಳಗೆ ಒಂದು ಮೊಳ ಹೂವು. ತಂದವರು ಬೆಲ್ ಒತ್ತುವುದಿಲ್ಲ, ಕೂಗುವುದೂ ಇಲ್ಲ. ನಾವು ಬಾಗಿಲು ತೆಗೆಯುವ ಹೊತ್ತಿಗೆ ಮೂರು ಮನೆ ದಾಟಿರುತ್ತಾರೆ. ಹೂವು ಬಾರದ ದಿನ ಮಾತ್ರ ನನ್ನ ಹೆಂಡತಿ ಕ್ಯಾಲೆಂಡರಿನ ಮೇಲೆ ಒಂದು ಗೀಟು ಎಳೆಯುತ್ತಾಳೆ. ತಿಂಗಳ ಕೊನೆಗೆ ಗೀಟು ಕಳೆದು ಲೆಕ್ಕ. ಇದಕ್ಕೆ ನಮ್ಮಲ್ಲಿ ವರ್ತನೆ ಎನ್ನುತ್ತೇವೆ. ಹಾಲಿನ ವರ್ತನೆ, ಹೂವಿನ ವರ್ತನೆ. ನಡತೆ ಎನ್ನುವುದಕ್ಕೂ ಇದೇ ಪದ. ತಪ್ಪದೆ ಬರುವುದಕ್ಕೂ ನಡತೆಗೂ ಒಂದೇ ಹೆಸರಿಟ್ಟವರು ಲೋಕ ಕಂಡವರೇ ಇರಬೇಕು.

ನನ್ನ ಬೇಡಿಕೆ ಇಷ್ಟೇ. ಹೂವಿಗೂ ಹಾಲಿಗೂ ಇಟ್ಟುಕೊಂಡಿರುವ ಈ ವರ್ತನೆಯನ್ನು ಹಾಡಿಗೆ, ಮಾತಿಗೆ, ಬರಹಕ್ಕೆ, ನಾಟಕಕ್ಕೆ, ಫೋನಿನಲ್ಲಿ ಮಾಡುವ ವಿಡಿಯೊಗೂ ಇಟ್ಟುಕೊಳ್ಳೋಣ. ಮಾಡುವವರೂ ಇಟ್ಟುಕೊಳ್ಳಲಿ, ನೋಡುವವರೂ ಇಟ್ಟುಕೊಳ್ಳಲಿ.

ನಮ್ಮ ಸುತ್ತ ಏನಾದರೂ ಮಾಡಿ ಹಾಕುವವರಿಗೆ ಬರವಿಲ್ಲ. ದರ್ಶಿನಿಯ ಮುಂದೆ ನಿಂತು ದೋಸೆಯ ರುಚಿ ಹೇಳುವ ಹುಡುಗರಿದ್ದಾರೆ. ಮನೆಗೆಲಸ ಮುಗಿಸಿ ಭಾವಗೀತೆ ಹಾಡಿ ಹಾಕುವ ಅಕ್ಕಂದಿರಿದ್ದಾರೆ. ಕೆಎಎಸ್‌ಗೆ ಓದಲೆಂದು ವಿಜಯಪುರ, ಕಲಬುರಗಿ, ರಾಯಚೂರಿನಿಂದ ಬಂದು ಪೀಜಿಯಲ್ಲಿರುವ, ಬಿಡುವಾದಾಗ ತಮ್ಮೂರ ಮಾತಿನಲ್ಲಿ ನಗಿಸುವ ತಮ್ಮ ತಂಗಿಯರಿದ್ದಾರೆ. ಇವರಲ್ಲಿ ಬಹಳ ಜನರ ಕೈಯಲ್ಲಿ ಕಸುಬಿದೆ. ಕಣ್ಣು ಮಾತ್ರ ವ್ಯೂಸ್ ಎಂಬ ಒಂದೇ ಅಂಕಿಯ ಮೇಲೆ. ಒಂದು ವಿಡಿಯೊ ಓಡಿದರೆ ಅಂಥದ್ದೇ ಇಪ್ಪತ್ತು ಬರುತ್ತವೆ. ಓಡದಿದ್ದರೆ ಕಸುಬಿನ ಮೇಲೇ ಬೇಸರ. ಚೆನ್ನಾಗಿ ಹಾಡುತ್ತಿದ್ದವರು ಹಾಡು ಬಿಟ್ಟು ಕ್ಯಾಮೆರಾ ಮುಂದೆ ಜಗಳಕ್ಕೆ ನಿಂತದ್ದನ್ನು ನಾನೇ ನೋಡಿದ್ದೇನೆ, ಏಕೆಂದರೆ ಜಗಳ ಓಡುತ್ತದೆ.

ಹೀಗೆ ಓಡಿದ್ದರ ಕತೆಯೊಂದನ್ನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಮನೆಗೆ ಐದು ನಿಮಿಷದ ದಾರಿಯಲ್ಲಿ ಒಂದು ಸಣ್ಣ ತಿಂಡಿ ಹೋಟೆಲ್ ಇತ್ತು. ಹೆಸರು ಬೇಡ. ಬೆಳಗಿನ ವಾಕಿಂಗ್ ಮುಗಿಸಿದ ಏಳೆಂಟು ಜನ ನಿವೃತ್ತರು ಅಲ್ಲೇ ತಟ್ಟೆ ಇಡ್ಲಿ ತಿಂದು, ಪೇಪರ್ ಹಂಚಿಕೊಂಡು ಓದಿ, ಕಾಫಿ ಕುಡಿದು ಏಳುತ್ತಿದ್ದರು. ಯಾರಿಗೆ ಚಟ್ನಿ ಹೆಚ್ಚು, ಯಾರಿಗೆ ಸಕ್ಕರೆ ಬೇಡ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಒಂದು ದಿನ ಯಾರೋ ಬಂದು ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ಚಿತ್ರ ತೆಗೆದು ಹಾಕಿದರು. ಮುಂದಿನ ಭಾನುವಾರ ರಸ್ತೆ ತುಂಬ ಜನ, ಪಕ್ಕದ ಮನೆಗಳ ಗೇಟಿಗೆ ಅಡ್ಡಲಾಗಿ ಬೈಕು.

ಇಡ್ಲಿ ಹಿಟ್ಟು ಹುದುಗಲು ರಾತ್ರಿಯಿಡೀ ಬೇಕು. ರುಬ್ಬುವ ಕಲ್ಲನ್ನು ಎಷ್ಟು ಜೋರಾಗಿ ತಿರುಗಿಸಿದರೂ ಆ ರಾತ್ರಿ ಚಿಕ್ಕದಾಗುವುದಿಲ್ಲ. ನೂರು ತಟ್ಟೆ ಮಾಡುತ್ತಿದ್ದವರು ಐನೂರು ಮಾಡಲು ಹೊರಟಾಗ, ಮಧ್ಯಾಹ್ನ ರುಬ್ಬಿದ ಹಿಟ್ಟನ್ನು ಸೋಡಾ ಹಾಕಿ ಸಂಜೆಗೇ ಬೇಯಿಸಿದರು. ಇಡ್ಲಿ ಉಬ್ಬಿತು, ಹುಳಿ ಬರಲಿಲ್ಲ. ಚಟ್ನಿ ನೀರಾಯಿತು. ಕೂರುವ ಬೆಂಚು ತೆಗೆದು ನಿಲ್ಲುವ ಟೇಬಲ್ ಹಾಕಿದರು. ಎರಡು ತಿಂಗಳಾಗುವಷ್ಟರಲ್ಲಿ ರೀಲ್ಸಿನವರು ಮತ್ತೊಂದು ಬಡಾವಣೆಯ ಮತ್ತೊಂದು ಬೆಣ್ಣೆಗೆ ಹೋದರು. ಆ ಏಳೆಂಟು ಜನ ಅಷ್ಟರಲ್ಲಿ ಬೇರೆ ಬೆಂಚು ಹುಡುಕಿಕೊಂಡಿದ್ದರು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಬೇರೆಯವರ ತಪ್ಪು ಎತ್ತಿ ನನ್ನದನ್ನು ಮುಚ್ಚಿಟ್ಟರೆ ಮನವಿ ಮಾಡುವ ಯೋಗ್ಯತೆ ನನಗಿರುವುದಿಲ್ಲ. ಒಂದು ಮಳೆಗಾಲದ ಸಂಜೆ ಮೆಟ್ರೊ ಇಳಿದು ಬರುತ್ತಿದ್ದೆ. ನೀರು ನಿಂತ ರಸ್ತೆಯಲ್ಲಿ ಗುಂಡಿ ಕಾಣದೆ ಒಬ್ಬ ಹೆಂಗಸು ಸ್ಕೂಟರಿನೊಂದಿಗೆ ಬಿದ್ದರು. ತರಕಾರಿ ಚೀಲ ಹರಿದು ಟೊಮೆಟೊ ತೇಲಿದವು. ನಾನು ಫೋನ್ ಹಿಡಿದಿದ್ದೆ. ಎತ್ತಲು ಓಡಿದವರು ಬೇರೆಯವರು. ಗುಂಡಿಯ ಅವ್ಯವಸ್ಥೆ ತೋರಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಹಾಕಿದೆ. ಜೀವಮಾನದಲ್ಲಿ ನಾನು ಬರೆದದ್ದನ್ನೆಲ್ಲ ಒಟ್ಟು ಸೇರಿಸಿದರೂ ಓದಿರದಷ್ಟು ಜನ ಅದನ್ನು ಎರಡೇ ದಿನದಲ್ಲಿ ನೋಡಿದರು. ಮೂರನೆಯ ದಿನ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಯಾರನ್ನೋ ಕೇಳಿಕೊಂಡು ಮನೆಗೆ ಬಂದಳು. ಬೈಯಲಿಲ್ಲ. "ಅಂಕಲ್, ಅಮ್ಮನ ಮುಖ ತೆಗೀರಿ. ಅಮ್ಮ ಅಂಗಡಿಗೆ ಹೋಗೋದನ್ನೇ ಬಿಟ್ಟಿದ್ದಾರೆ" ಎಂದಳು. ಆಗಲೇ ಅಳಿಸಿದೆ. ಅಷ್ಟರಲ್ಲಿ ಅದು ಎಷ್ಟು ಗುಂಪುಗಳಿಗೆ ಹೋಗಿತ್ತೋ, ಯಾರ್ಯಾರು ಯಾವ ಹಾಡು ಹಾಕಿ ತಿರುಗಿಸಿದ್ದರೋ, ಅದನ್ನು ಅಳಿಸಲು ನನ್ನ ಕೈಲಿ ಆಗಲಿಲ್ಲ. ನೋಡಿದವರಲ್ಲಿ ಒಬ್ಬರೂ ಆಮೇಲೆ ನನ್ನ ಬರಹ ಹುಡುಕಿಕೊಂಡು ಬರಲಿಲ್ಲ. ಗುಂಡಿ ಮುಚ್ಚಿಸಲು ಪಾಲಿಕೆಯ ಕಚೇರಿಗೆ ನಾಲ್ಕು ಸಲ ಅಲೆದವರು ನಮ್ಮ ಬೀದಿಯ ಇನ್ನೊಬ್ಬರು. ಅವರ ಬಗ್ಗೆ ಯಾರೂ ವಿಡಿಯೊ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅಷ್ಟಕ್ಕೂ ಈ ವ್ಯೂಸ್ ಎಂದರೆ ಏನು? ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್‌ನ ಲೆಕ್ಕ ಬದಲಿಸಿತು. ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ. ಇಷ್ಟು ಸೆಕೆಂಡ್ ನೋಡಿರಬೇಕು ಎಂಬ ಷರತ್ತಿಲ್ಲ. ಹೆಬ್ಬೆರಳಿನಲ್ಲಿ ಮೇಲಕ್ಕೆ ತಳ್ಳಿ ಮುಂದಕ್ಕೆ ಹೋದವರೂ ಲೆಕ್ಕಕ್ಕೆ ಬರುತ್ತಾರೆ. ಅಂಗಡಿಯ ಮುಂದೆ ನಡೆದುಹೋದವರನ್ನೆಲ್ಲ ಗಿರಾಕಿ ಎಂದು ಬರೆದುಕೊಂಡ ಹಾಗಾಯಿತು. ಆ ಕಂಪನಿಗೂ ಇದು ಗೊತ್ತು. ಅದಕ್ಕೇ ದುಡ್ಡು ಹಂಚುವಾಗ ಈ ಅಂಕಿಯನ್ನು ಬದಿಗಿಟ್ಟು, ನಿಂತು ನೋಡಿದವರನ್ನಷ್ಟೇ ಎಣಿಸುತ್ತದೆ. ಲಕ್ಷ ವ್ಯೂಸ್ ಎಂದು ನಾವು ಕುಣಿಯುವ ಲೆಕ್ಕ ಬೇರೆ, ಅವರು ಕಾಸು ಬಿಚ್ಚುವ ಲೆಕ್ಕ ಬೇರೆ.

ನೋಡಿದವರಿಗಾದರೂ ಏನು ನೆನಪಿರುತ್ತದೆ? 2023ರ ಜನವರಿಯಲ್ಲಿ ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆಯಿಂದ ಒಬ್ಬರು ಕೊರಳಿಗೆ ಗೋಡೆ ಗಡಿಯಾರ ನೇತುಹಾಕಿಕೊಂಡು ಹತ್ತು ರೂಪಾಯಿ ನೋಟು ತೂರಿದರು. ವಾಹನ ನಿಂತವು, ಪೊಲೀಸ್ ಕೇಸಾಯಿತು, ದೇಶವೇ ನೋಡಿತು. ಇವತ್ತು ಯಾರನ್ನಾದರೂ ಕೇಳಿ. ಗಡಿಯಾರ ನೆನಪಿದೆ. ಏತಕ್ಕೆ ತೂರಿದರು ಎಂದು ಹೇಳುವವರಿಲ್ಲ.

ಇನ್ನೊಂದು ದಿನಾಂಕವನ್ನೂ ಮರೆಯಬಾರದು. 2020ರ ಜೂನ್ 29. ಅಂದು ರಾತ್ರಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಕೂಡ ಒಂದು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಲಕ್ಷಾಂತರ ಫಾಲೋವರ್‌ಗಳಿದ್ದ ನಮ್ಮ ಹಳ್ಳಿ ಹುಡುಗ ಹುಡುಗಿಯರಿಗೆ ಒಂದೆರಡು ದಿನದಲ್ಲೇ ಏನೂ ಉಳಿಯಲಿಲ್ಲ. ಆ ಲಕ್ಷ ಜನರಲ್ಲಿ ಹತ್ತು ಮಂದಿಯ ಫೋನ್ ನಂಬರೂ ಅವರ ಬಳಿ ಇರಲಿಲ್ಲ. ಜನ ಆ್ಯಪ್‌ನವರಾಗಿದ್ದರೇ ಹೊರತು ಅವರ ವರ್ತನೆಯವರು ಆಗಿರಲಿಲ್ಲ.

ಕನ್ನಡಕ್ಕೆ ವರ್ತನೆಯವರನ್ನು ಕಟ್ಟಿಕೊಳ್ಳುವ ವಿದ್ಯೆ ಹೊಸದಲ್ಲ. ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿ, ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು ಮಾರಿದರು. ಓದುವವರೇ ಇಲ್ಲ ಎಂದು ಕೊರಗುತ್ತಾ ಕೂರಲಿಲ್ಲ. ಬಾಗಿಲು ತಟ್ಟಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ಚಂದಾ ಕಟ್ಟಿದವರಿಗೆ ವರ್ಷ ವರ್ಷ ಪುಸ್ತಕ. ಯಾವ ಪುಸ್ತಕ ಬರುತ್ತದೋ ಗೊತ್ತಿಲ್ಲದೆಯೂ ಜನ ದುಡ್ಡು ಕಟ್ಟಿದರು, ಕಳಪೆಯದನ್ನು ಕಳಿಸುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆಯ ಬಲದಿಂದಲೇ 1961ರಲ್ಲಿ, ಇನ್ನೂ ಇಪ್ಪತ್ತಮೂರು ವರ್ಷದ, ಹೆಸರೇ ಕೇಳಿರದ ಹುಡುಗನೊಬ್ಬನ ಮೊದಲ ನಾಟಕವನ್ನು ಅಚ್ಚು ಹಾಕಲು ಸಾಧ್ಯವಾಯಿತು. ನಾಟಕ 'ಯಯಾತಿ', ಹುಡುಗ ಗಿರೀಶ ಕಾರ್ನಾಡ. ಓದುಗರು ಕೈಬಿಡುವುದಿಲ್ಲ ಎಂದು ಗೊತ್ತಿದ್ದವರಿಗೆ ಮಾತ್ರ ಹೊಸಬರ ಮೇಲೆ ದುಡ್ಡು ಹೂಡುವ ಧೈರ್ಯ ಬರುತ್ತದೆ. ವೈರಲ್ ಹಿಂದೆ ಬಿದ್ದವರಿಗೆ ಆ ಧೈರ್ಯ ಬರುವುದಿಲ್ಲ. ನಿನ್ನೆ ಓಡಿದ್ದನ್ನೇ ಇವತ್ತೂ ಮಾಡಬೇಕು.

ಬೆಂಗಳೂರಿನ ಕಡೆ ನೋಡಿ. ಪಿ. ಲಂಕೇಶರು 1980ರಲ್ಲಿ ಪತ್ರಿಕೆ ಆರಂಭಿಸಿದಾಗ ಜಾಹೀರಾತು ಬೇಡವೆಂದರು. ವಾರ ವಾರ ಕಾಸು ಕೊಟ್ಟು ಕೊಳ್ಳುವ ಓದುಗರಿಂದಲೇ ಅದು ನಡೆಯಬೇಕಿತ್ತು, ನಡೆಯಿತು. ಅಬ್ಬರದ ಮಾತೇ ಬೇಡದ ಉದಾಹರಣೆಯೂ ಇದೆ. ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದರು. ಓದುಗರು ಯಾವುದೋ ಒಂದು ಪದದ ಅರ್ಥ ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ಅಷ್ಟೇ. ಒಂದು ಪದ, ಅದರ ಹುಟ್ಟು, ಅದರ ಬಳಕೆ. ವರ್ಷಗಟ್ಟಲೆ ಜನ ಅದಕ್ಕಾಗಿ ಪುಟ ತಿರುಗಿಸಿದರು, ಕತ್ತರಿಸಿ ಇಟ್ಟುಕೊಂಡರು, ಕಾಗದ ಬರೆದರು. ಪ್ರಶ್ನೆ ಕೇಳಿದವರಿಗೆ ಉತ್ತರ ಸಿಗುತ್ತದೆ ಎಂಬ ಭರವಸೆಯೇ ಅದರ ಆಕರ್ಷಣೆ.

ಈಗಿನ ಜನಕ್ಕೆ ತಾಳ್ಮೆಯಿಲ್ಲ, ಮೂವತ್ತು ಸೆಕೆಂಡಿಗಿಂತ ಹೆಚ್ಚು ನೋಡುವುದಿಲ್ಲ ಎನ್ನುವವರನ್ನು ನಮ್ಮ ಪಕ್ಕದ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಕರೆದುಕೊಂಡು ಹೋಗಬೇಕಿತ್ತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿ, ಸಿ. ಬಸವಲಿಂಗಯ್ಯ ನಿರ್ದೇಶಿಸಿ, ಹಂಸಲೇಖ ಸಂಗೀತ ಕೊಟ್ಟ ನಾಟಕ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಮೊದಲು ಬಂತು. 2013ರಲ್ಲಿ ಕಲಾಗ್ರಾಮಕ್ಕೆ ಬಂತು, ಆಮೇಲೂ ಮರಳಿ ಮರಳಿ ಬಂತು. ಸುಮಾರು ಒಂಬತ್ತು ಗಂಟೆಯ ನಾಟಕ. ರಾತ್ರಿ ಊಟ ಮುಗಿಸಿ ಹೋದರೆ ಬೆಳಕು ಹರಿಯುವಾಗ ಮುಗಿಯುತ್ತದೆ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಶಾಲು ಹೊದ್ದು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಚಳಿಯಲ್ಲಿ ನಡುರಾತ್ರಿ ಚಹಾ ಕುಡಿದು ಜನ ನೋಡಿದರು. ಟಿಕೆಟ್ ಕೊಂಡು ನೋಡಿದರು. ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಬಸ್ ಹತ್ತುವಾಗ ಮಾತಾಡಿಕೊಂಡದ್ದು ನಾಟಕದ ಗುತ್ತಿ ಮತ್ತು ಅವನ ನಾಯಿ ಹುಲಿಯನ ಬಗ್ಗೆ. ತಾಳ್ಮೆ ಜನರಲ್ಲಿದೆ. ಅದಕ್ಕೆ ತಕ್ಕ ಕೆಲಸ ಎದುರಿಗೆ ಬರಬೇಕು.

ಅಷ್ಟು ದೂರವೂ ಬೇಡ. ಮಕ್ಕಳಿಗೆ ರಂಗಶಿಕ್ಷಣ ಕೊಡುತ್ತಾ ಬಂದಿರುವ ವಿಜಯನಗರ ಬಿಂಬ ನಮ್ಮ ನಡುವೆಯೇ ಇದೆ. ಹಂಪಿನಗರದ ಗ್ರಂಥಾಲಯದಲ್ಲಿ ಬೆಳಗ್ಗೆಯೇ ಬಂದು ಕುರ್ಚಿ ಹಿಡಿಯುವ ಪರೀಕ್ಷಾರ್ಥಿಗಳನ್ನು ಕೇಳಿ, ಯಾರ ವಿಡಿಯೊ ನೋಡುತ್ತೀರಿ ಎಂದು. ದಿನಾ ಬೆಳಗ್ಗೆ ಪೇಪರ್ ಹಿಡಿದು, ಅಂದಿನ ಸುದ್ದಿಯನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿ ಹೇಳುವ ಮೇಷ್ಟರನ್ನೇ ಹೇಳುತ್ತಾರೆ. ಆ ಮೇಷ್ಟರು ಒಂದು ದಿನ ತಪ್ಪಿಸಿದರೆ ನೂರಾರು ಮಕ್ಕಳು ಹುಷಾರಿಲ್ಲವೇ ಸಾರ್ ಎಂದು ಕೇಳುತ್ತಾರೆ. ಬಾರದಿದ್ದಾಗ ಕೇಳುವವರಿದ್ದರೆ ಅದು ವರ್ತನೆ.

ಇದೆಲ್ಲ ಹೊಟ್ಟೆ ತುಂಬಿದವರ ಮಾತು, ಪೀಜಿ ಬಾಡಿಗೆ ಕಟ್ಟುವವರಿಗೆ ವ್ಯೂಸ್ ಬೇಕು ಎಂದು ಒಬ್ಬ ತಮ್ಮ ನನ್ನ ಮೇಲೆ ರೇಗಿದ. ನ್ಯಾಯವಾದ ಮಾತು. ಹಾಗಾದರೆ ಲೆಕ್ಕವನ್ನೇ ಹಾಕೋಣ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕೆಂದರೆ 1,000 ಚಂದಾದಾರರಿರಬೇಕು. ಅದರ ಜೊತೆಗೆ ಎರಡು ದಾರಿ. ಒಂದು, ತೊಂಬತ್ತು ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್, ಅದೂ ನಿಂತು ನೋಡಿದವರದ್ದು. ಇನ್ನೊಂದು, ಒಂದು ವರ್ಷದಲ್ಲಿ ಜನ ಒಟ್ಟು 4,000 ಗಂಟೆ ನಿಮ್ಮ ದೀರ್ಘ ವಿಡಿಯೊ ನೋಡಿರಬೇಕು. ಆ ಸಾವಿರ ಚಂದಾದಾರರಿಗೆ ನಾಲ್ಕು ಸಾವಿರ ಗಂಟೆ ಹಂಚಿ. ಒಬ್ಬೊಬ್ಬರಿಗೆ ವರ್ಷಕ್ಕೆ ನಾಲ್ಕು ಗಂಟೆ, ತಿಂಗಳಿಗೆ ಇಪ್ಪತ್ತು ನಿಮಿಷ. ವಾರಕ್ಕೊಂದು ಐದು ನಿಮಿಷದ ವಿಡಿಯೊವನ್ನು ಸಾವಿರ ಜನ ಕೊನೆಯವರೆಗೂ ನೋಡಿದರೆ ಮುಗಿಯಿತು. ಅದರಿಂದ ಬಂಗಲೆ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಕೋಟಿ ಜನರ ಹಿಂದೆ ಓಡುವುದಕ್ಕಿಂತ ಸಾವಿರ ಜನರನ್ನು ಉಳಿಸಿಕೊಳ್ಳುವುದು ಕೈಗೆಟಕುವ ಕೆಲಸ. ಆ ಸಾವಿರ ಜನ ನಾಳೆ ನಿಮ್ಮ ಪುಸ್ತಕ ಕೊಳ್ಳುತ್ತಾರೆ, ಸಂಗೀತ ಕಚೇರಿಗೆ ಬರುತ್ತಾರೆ, ಪಾಠಕ್ಕೆ ಸೇರುತ್ತಾರೆ.

ಆದ್ದರಿಂದ, ಏನನ್ನಾದರೂ ಮಾಡಿ ಜನರ ಮುಂದೆ ಇಡುವವರಲ್ಲಿ ನನ್ನ ಕೋರಿಕೆ.

ಒಂದು ವಿಷಯ ಹಿಡಿಯಿರಿ, ಒಂದು ವರ್ಷ ಬಿಡಬೇಡಿ. ವಿಜಯನಗರದ ಮಾರುಕಟ್ಟೆಯ ಸೊಪ್ಪುಗಳ ಹೆಸರೇ ಇರಲಿ, ನಿಮ್ಮಜ್ಜಿಯ ಸೋಬಾನೆ ಪದಗಳೇ ಇರಲಿ, 2015ರಲ್ಲಿ ಮೆಟ್ರೊ ಬರುವ ಮೊದಲು ಅತ್ತಿಗುಪ್ಪೆ ಹೇಗಿತ್ತು ಎಂದು ಹಳಬರ ಬಾಯಲ್ಲಿ ಕೇಳಿಸುವುದೇ ಇರಲಿ. ನಿಮಗೆ ಗೊತ್ತಿರುವುದನ್ನು, ನಿಮ್ಮ ಮಾತಿನಲ್ಲೇ ಹೇಳಿ. ಕಲಬುರಗಿಯ ಮಾತನ್ನು ಬೆಂಗಳೂರಿಗೆಂದು ತಿದ್ದಿಕೊಳ್ಳಬೇಡಿ.

ವಾರ, ಹೊತ್ತು ಗೊತ್ತು ಮಾಡಿಕೊಂಡು ತಪ್ಪದೆ ಬನ್ನಿ. ಬರಲಾಗದಿದ್ದರೆ ಮೊದಲೇ ಹೇಳಿ. ಕೇಳಿದವರಿಗೆ ಉತ್ತರ ಕೊಡಿ. ತಪ್ಪಾದರೆ ಮುಂದಿನ ವಾರ ಅದೇ ಜಾಗದಲ್ಲಿ ತಿದ್ದಿ ಹೇಳಿ.

ನಿಮ್ಮ ಜನರ ಪಟ್ಟಿ ನಿಮ್ಮ ಬಳಿಯೂ ಇರಲಿ. ಆ್ಯಪ್ ಇವತ್ತು ಇರುತ್ತದೆ, ನಾಳೆ ಹೇಳಲಾಗದು. ಮೂರು ತಿಂಗಳಿಗೊಮ್ಮೆ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಹತ್ತು ಜನರನ್ನು ಮುಖತಃ ಕಾಣಿ. ಹತ್ತೇ ಜನ ಬಂದರೆಂದು ನಾಚಬೇಡಿ.

ಬಿದ್ದವರ, ಅಳುವವರ, ಕುಡಿದವರ, ಜಗಳವಾಡುವವರ ಮುಖ ಮಾರಬೇಡಿ. ಈ ಮಾತನ್ನು ಮಾರಿದವನೇ ಹೇಳುತ್ತಿದ್ದೇನೆ.

ಹೋಟೆಲ್, ಅಂಗಡಿ ನಡೆಸುವವರೇ, ಒಂದು ವಾರದ ಜಾತ್ರೆಗಾಗಿ ದಿನದ ಗಿರಾಕಿಯ ಬೆಂಚು ಎತ್ತಬೇಡಿ. ಹಿಟ್ಟಿಗೆ ಅದರ ರಾತ್ರಿ ಕೊಡಿ.

ಇನ್ನು ನೋಡುವವರಲ್ಲಿ, ಓದುವವರಲ್ಲಿ. ಮಾಡುವವರನ್ನು ಮಾತ್ರ ಬೈದು ನಾವು ಕೈ ತೊಳೆದುಕೊಂಡರೆ ಅನ್ಯಾಯ. ಗಳಗನಾಥರು ಗಂಟು ಹೊತ್ತು ಬಂದಾಗ ಬಾಗಿಲು ತೆಗೆದು ಕಾಸು ಎಣಿಸಿದ ಮನೆಗಳಿದ್ದವು. ಆ ಮನೆಯವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ, ಆದರೆ ಅವರಿಲ್ಲದೆ ಆ ಚರಿತ್ರೆಯೂ ಇಲ್ಲ. ಜಗಳಕ್ಕೆ ಲಕ್ಷ ಜನ ಸೇರಿ ಹಾಡಿಗೆ ನಲವತ್ತು ಜನ ಬಂದರೆ, ಹಾಡುವವಳು ಜಗಳಕ್ಕೆ ಇಳಿದದ್ದರಲ್ಲಿ ನಮ್ಮ ಪಾಲೂ ಇದೆ.

ಐದು ಜನರನ್ನು ಆರಿಸಿಕೊಳ್ಳಿ. ಒಬ್ಬ ಹಾಡುಗಾರ್ತಿ, ಒಬ್ಬ ಮೇಷ್ಟರು, ಒಂದು ಪತ್ರಿಕೆ, ಒಂದು ನಾಟಕ ತಂಡ, ಒಬ್ಬ ಹೊಸ ಬರಹಗಾರ. ಅವರನ್ನು ವರ್ಷಪೂರ್ತಿ ಹಿಂಬಾಲಿಸಿ. ಚೆನ್ನಾಗಿದ್ದರೆ ಯಾವುದು ಚೆನ್ನಾಗಿತ್ತು ಎಂದು ಎರಡು ಸಾಲು ಬರೆಯಿರಿ, ಚೆನ್ನಾಗಿಲ್ಲದಿದ್ದರೂ ಬರೆಯಿರಿ. ಟಿಕೆಟ್ ಕೊಂಡು ಹೋಗಿ, ಪಾಸ್ ಕೇಳಬೇಡಿ. ಪುಸ್ತಕವನ್ನು ಪಿಡಿಎಫ್ ಕಳಿಸಿ ಎನ್ನಬೇಡಿ. ಕಳೆದ ವಾರ ಅವರು ಬಾರದಿದ್ದರೆ, ಯಾಕೆ ಬರಲಿಲ್ಲ ಎಂದು ಕೇಳಿ. ಯಾರದ್ದೋ ಸಂಕಟದ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ. ನನ್ನ ವಿಡಿಯೊವನ್ನು ಹೀಗೆ ಹತ್ತು ಜನ ನಿಲ್ಲಿಸಿದ್ದರೆ ಆ ತಾಯಿ ಮೊದಲಿನಂತೆ ಅಂಗಡಿಗೆ ಹೋಗುತ್ತಿದ್ದರೇನೋ.

ಕೊನೆಗೆ, ಹೂವಿನ ವಿಷಯಕ್ಕೆ ಮರಳುತ್ತೇನೆ. ಕಳೆದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ರಸ್ತೆಬದಿಯಲ್ಲಿ ಕನಕಾಂಬರದ ಬೆಲೆ ಕೇಳಿ ಜನ ಮೊಳದಲ್ಲಿ ಅರ್ಧ ಕೊಯ್ಸಿಕೊಂಡು ಹೋಗುತ್ತಿದ್ದರು. ಹಬ್ಬದ ಬೆಳಗ್ಗೆ ನಾನು ಬೇಗ ಎದ್ದು ಗೇಟಿನ ಬಳಿ ನಿಂತಿದ್ದೆ. ಹೂವಿನವರು ಬಂದರು. ದಿನದ ಒಂದು ಮೊಳ, ಅಷ್ಟೇ ಬೆಲೆಗೆ. "ಇವತ್ತು ಸರ್ಕಲ್ಲಿನಲ್ಲಿ ಕೂತಿದ್ದರೆ ಮೂರು ಪಟ್ಟು ಸಿಗ್ತಿತ್ತಲ್ಲಮ್ಮ" ಎಂದೆ. ಬುಟ್ಟಿ ಇಳಿಸದೆಯೇ ಹೇಳಿದರು: "ಹಬ್ಬ ಒಂದಿನ ಅಣ್ಣ. ಮಿಕ್ಕಿದ ದಿನ ನಿಮ್ಮನೇನೇ ಅಲ್ವಾ? ವರ್ತನೆಯೋರಿಗೆ ಕೊಟ್ಟು ಉಳಿದ್ರೆ ಸರ್ಕಲ್ಲಿಗೆ ಹೋಗ್ತೀನಿ."

ಆ ತಿಂಗಳು ಕ್ಯಾಲೆಂಡರಿನಲ್ಲಿ ಎರಡು ಗೀಟುಗಳಿದ್ದವು. ಲೆಕ್ಕ ಕೊಡುವಾಗ ನನ್ನ ಹೆಂಡತಿ ಅವನ್ನು ಕಳೆಯಲಿಲ್ಲ.

ಇತಿ,
ನಿಮ್ಮಲ್ಲೊಬ್ಬ, ಅತ್ತಿಗುಪ್ಪೆ